ಕವಲಿನ ಜಗಲಿ

ಪಂಚಾಯಿತಿಗೆ ಒಬ್ಬರಂತೆ ನಮ್ಮನ್ನು ಬಸ್ಸಿನಲ್ಲಿ ತುಂಬಿಕೊಂಡು ಕಡಲ ತೀರದ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋಗಿದ್ದರು. ನೆರೆಯೋ ಬಿರುಗಾಳಿಯೋ ಬಂದಾಗ ಹೊರಗಿನವರು ಬರುವ ತನಕ ಊರಿನವರೇ ಏನು ಮಾಡಿಕೊಳ್ಳಬೇಕು ಅನ್ನುವುದರ ತರಬೇತಿ ಅದು. ನಮ್ಮ ಕಡೆಯಿಂದ ನಾನು ಹೋದೆ. ನಾನು ಕೆಲಸ ಮಾಡುವ ಹೊಸೂರಿನ ಕಾರ್ಖಾನೆಯಲ್ಲಿ ಸೈರನ್ ಆದಾಗ ಜನರನ್ನು ಹೊರಗೆ ಸಾಲಾಗಿ ನಿಲ್ಲಿಸಿ ಎಣಿಸುವ ಜವಾಬ್ದಾರಿ ನನ್ನದು. ಅದೊಂದೇ ನನ್ನ ಅರ್ಹತೆ. ನಮ್ಮ ವಾರ್ಡಿನ ಮೆಂಬರು ಮನೆ ಬಾಗಿಲಿಗೆ ಬಂದು, "ನೀನೇ ಹೋಗ್ಬುಟ್ಟು ಬಾರಪ್ಪ. ನಂಗೆ ಬಸ್ಸಲ್ಲಿ ವಾಂತಿ ಆಯ್ತದೆ" ಅಂದಿದ್ದರು.

ಅಲ್ಲಿ ದೋಣಿ ನೀರಿಗಿಳಿಸುವ ಜಾಗದಲ್ಲಿ ಒಬ್ಬ ಮುದುಕಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಹೊರಡುವವನು ಅವಳ ಮುಂದೆ ಒಂದು ಗಳಿಗೆ ನಿಂತು, ಯಾವ ಕಡೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಅಂತ ಹೇಳಿ ಮುಂದೆ ಹೋಗುತ್ತಿದ್ದ. ಮರೆತು ಹೋದವನನ್ನು ಅವಳೇ ಕೂಗಿ ನಿಲ್ಲಿಸಿ ಬೈದು ಕೇಳುತ್ತಿದ್ದಳು. ತರಬೇತಿ ಕೊಡುವವರು ಅವಳ ಕಡೆ ಕೈ ತೋರಿಸಿ, ನಿಮ್ಮೂರಲ್ಲೂ ಹೀಗೆ ಒಬ್ಬರಿರಲಿ, ಯಾರು ಎಲ್ಲಿದ್ದಾರೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ ಅಂದರು. ಆ ಮಾತು ನನಗೆ ಹಿಡಿಸಿತು. ಉಳಿದದ್ದೆಲ್ಲ, ಹಗ್ಗ ಕಟ್ಟುವುದು, ಖಾಲಿ ಕ್ಯಾನುಗಳಿಂದ ತೆಪ್ಪ ಮಾಡುವುದು, ನಮ್ಮ ಒಣ ಸೀಮೆಗೆ ಬೇಕಾಗಲಾರದು ಅನ್ನಿಸಿತ್ತು.

ನಮ್ಮ ಊರು ತಮಿಳುನಾಡಿನ ಗಡಿಯಲ್ಲಿ, ಹೊಸೂರಿಗೂ ರಾಯಕೋಟೆಗೂ ನಡುವೆ ಕೆರೆಯ ಕೆಳಗಿದೆ. ಮೇಲಿನ ಬೀದಿ ಗುಡ್ಡದ ಪಕ್ಕಕ್ಕೆ, ಕೆಳಗಿನ ಬೀದಿ ಏರಿಯ ಬುಡಕ್ಕೆ. ಊರು ಮುಗಿಯುವಲ್ಲಿ ದಾರಿ ಕವಲಾಗುತ್ತದೆ. ಒಂದು ರಾಯಕೋಟೆ ರೋಡಿಗೆ ಸೇರುತ್ತದೆ. ಇನ್ನೊಂದು ಹಳ್ಳ ದಾಟಿ, ಪ್ಲಾಸ್ಟಿಕ್ ಹೊದಿಸಿ ಗುಲಾಬಿ ಬೆಳೆಯುವ ಪಾಲಿಹೌಸುಗಳ ಕಡೆಗೆ ಹೋಗುತ್ತದೆ. ಹಳ್ಳದ ಮೇಲೆ ಸೇತುವೆ ಇಲ್ಲ, ತಗ್ಗಿನಲ್ಲಿ ಹಾಸಿದ ಕಾಂಕ್ರೀಟ್ ದಾರಿ ಇದೆ. ತಮಿಳಿನ ಹಾಗೆ ನಾವೂ ಅದನ್ನು ತರೆಪಾಲ ಅನ್ನುತ್ತೇವೆ. ಕೆರೆ ತುಂಬಿ ಕೋಡಿ ಬಿದ್ದರೆ ನೀರು ಈ ಹಳ್ಳಕ್ಕೇ ಬರಬೇಕು. ಪಾಲಿಹೌಸಿಗೆ ರೋಡಿನ ಕಡೆಯಿಂದಲೂ ಸುತ್ತಿ ಹೋಗಬಹುದು, ಆದರೆ ದೂರ.

ಕವಲಿನಲ್ಲಿ ಒಂದು ಮನೆ, ಆ ಮನೆಗೆ ಎತ್ತರದ ಜಗಲಿ. ಅಲ್ಲಿ ಒಬ್ಬ ಅಜ್ಜಿ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಇರುತ್ತಾಳೆ. ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಮಗ ಸೊಸೆಯ ಜೊತೆ ಆ ಮನೆಯಲ್ಲೇ ಇದ್ದಾಳೆ. ಕಣ್ಣು ಚೆನ್ನಾಗಿದೆ, ಕಿವಿ ಚೆನ್ನಾಗಿದೆ. ಊರಿಂದ ಹೊರಗೆ ಹೋಗುವವರು ಯಾರೇ ಆಗಲಿ ಅವಳ ಮುಂದೆಯೇ ಹೋಗಬೇಕು. ಇನ್ನು ಹುಡುಕುವುದೇನಿದೆ ಅಂದುಕೊಂಡೆವು. ಮೆಂಬರು, ನಾನು, ನನ್ನ ಅಣ್ಣನ ಹೆಂಡತಿ ಮೂವರೂ ಹೋಗಿ ಕೇಳಿದೆವು. ಅತ್ತಿಗೆ ಪಾಲಿಹೌಸೊಂದರಲ್ಲಿ ಕೆಲಸ ಮಾಡುತ್ತಿದ್ದಳು, ತರಬೇತಿ ಮುಗಿದ ಮೇಲೆ ಊರಲ್ಲಿ ಕಟ್ಟಿಕೊಂಡ ನಮ್ಮ ಗುಂಪಿನಲ್ಲಿ ಹೆಂಗಸರ ಕಡೆಯಿಂದ ಅವಳೇ ಇದ್ದದ್ದು.

"ಮಳೆ ಜೋರಾಗಿ ಹಿಡ್ಕೊಂಡ್ರೆ, ಊರು ಬಿಟ್ಟು ಯಾರ್ ಯಾವ ಕಡೆ ಹೋದ್ರು ಅಂತ ನೋಡ್ಕೊಂಡಿರ್ಬೇಕು ಅಜ್ಜಿ. ಅಷ್ಟೇ ನಿನ್ ಕೆಲ್ಸ" ಅಂದರು ಮೆಂಬರು.

"ನನ್ ಕೈಲೇನಾಯ್ತದಪ್ಪ" ಅಂದಳು ಅಜ್ಜಿ.

"ಕೈಲೇನೂ ಬೇಡ, ಕಣ್ಣಲ್ಲಿ ಮಾಡು" ಅಂದಳು ಅತ್ತಿಗೆ. "ದಿನಾ ಯಾರ್ ಸೊಸೆ ಯಾವ ಸೀರೆ ಉಟ್ಕೊಂಡ್ಲು ಅಂತ ಹೇಳಾಕಿಲ್ವಾ?"

ಅಜ್ಜಿ ನಕ್ಕಳು. "ಸರಿ ಬುಡ್ರಪ್ಪ" ಅಂದಳು. ಅವಳು ಒಪ್ಪಿದಳು ಅಂತಲೇ ನಾವು ಎದ್ದು ಬಂದೆವು. ಈಗ ನೆನೆದರೆ ಅವಳು ಇನ್ನೇನೋ ಹೇಳಲು ಬಾಯಿ ತೆರೆದಿದ್ದಳು ಅನ್ನಿಸುತ್ತದೆ. ಆದರೆ ಅದು ಆಮೇಲೆ ಸೇರಿಸಿಕೊಂಡ ನೆನಪೂ ಇರಬಹುದು. ಖಚಿತವಾಗಿ ಹೇಳಲಾರೆ.

ಒಂದು ಭಾನುವಾರ ತಾಲೀಮು ಮಾಡಿದೆವು. ದೇವಸ್ಥಾನದ ಮೈಕಿನಲ್ಲಿ ಕೂಗಿದ್ದೇ ಎಲ್ಲರೂ ದಿಬ್ಬದ ಮೇಲಿನ ಸ್ಕೂಲಿಗೆ ಹತ್ತಬೇಕು. ಜನ ನಗುತ್ತ ಬಂದರು. ಅಜ್ಜಿಯ ಜಗಲಿ ಮುಂದೆ ನಿಂತು, "ಅಜ್ಜಿ, ನಾನು ಸ್ಕೂಲ್ಗೆ ಹೋಯ್ತಾ ಇವ್ನಿ, ರಿಪೋಟು ಬರ್ಕೋ" ಅಂತ ಒಬ್ಬ ಸಲಾಂ ಹೊಡೆದ. "ನೀನು ಸ್ಕೂಲ್ಗೆ ಹೋಗಿದ್ರೆ ಇಷ್ಟೊತ್ತಿಗೆ ಉದ್ಧಾರ ಆಗಿರ್ತಿದ್ದೆ ಕಣ್ಲಾ" ಅಂದಳು ಅಜ್ಜಿ. ಅವತ್ತು ಎಲ್ಲವೂ ಸರಿಯಾಗಿ ನಡೆಯಿತು. ಜಗಲಿ ಬಿಟ್ಟು ಅವಳು ಒಂದು ಸಲವೂ ಏಳಲಿಲ್ಲ. ಅವತ್ತು ಯಾರೂ ನಿಜವಾಗಿ ಎಲ್ಲಿಗೂ ಹೊರಟಿರಲಿಲ್ಲವಲ್ಲ.

ಮಳೆಗಾಲದ ಕೊನೆಯಲ್ಲಿ, ಕಡಲಿನಿಂದ ಎದ್ದ ಗಾಳಿಮಳೆ ನೆಲಕ್ಕೆ ಬಂದು ಸೋತು ಹೋಗುತ್ತದೆ ಅಂದವರ ಮಾತು ಸುಳ್ಳಾಗಿ, ಅದು ನಮ್ಮ ಮೇಲೆ ಬಂದು ಕೂತಿತು. ಎರಡು ದಿನ ಬಿಡಲಿಲ್ಲ. ಮೇಲಿನ ಕೆರೆಗಳು ಒಂದೊಂದಾಗಿ ತುಂಬಿ ನಮ್ಮ ಕೆರೆಗೆ ಹರಿದವು. ಕಾರ್ಖಾನೆಯವರು ನಮ್ಮನ್ನು ಬೇಗ ಬಿಟ್ಟರು. ನಾನು ಊರು ಸೇರುವಾಗ ಮಧ್ಯಾಹ್ನ, ಆದರೆ ಸಂಜೆಯ ಬೆಳಕು. ಕೆಳಗಿನ ಬೀದಿಯ ಹಿಂದೆ ಏರಿಯ ಬುಡದಲ್ಲಿ ಒಂದು ಕಡೆ ನೀರು ಒಸರುತ್ತಿತ್ತು. ಮೊದಲು ತಿಳಿಯಾಗಿ ಬರುತ್ತಿದ್ದದ್ದು ನಾನು ನೋಡುವಷ್ಟರಲ್ಲಿ ಕೆಂಪಾಗಿತ್ತು. ಏರಿಯ ಒಳಗಿನ ಮಣ್ಣು ಕರಗಿ ಬರುತ್ತಿದೆ ಅಂತ ಅದರ ಅರ್ಥ.

ಮೆಂಬರು ಮೈಕಿನಲ್ಲಿ ಕೂಗಿದರು. ಜನ ಹತ್ತಿದರು. ಈ ಸಲ ಯಾರೂ ನಗಲಿಲ್ಲ, ಆದರೆ ಗಾಬರಿಯೂ ಬೀಳಲಿಲ್ಲ. ಕೆಳಗಿನ ಬೀದಿಯವರು ಹಸುಗಳನ್ನು ಬಿಚ್ಚಿ ಮುಂದೆ ಬಿಟ್ಟುಕೊಂಡು ಬಂದರು. ಮೆಂಬರ ಮನೆಯೂ ಕೆಳಗಿನ ಬೀದಿಯಲ್ಲೇ. ಅವರ ಮನೆಯ ಒಂದು ಹಸು ಇವತ್ತೋ ನಾಳೆಯೋ ಈಯುವಂತಿತ್ತು, ಎಷ್ಟು ಎಳೆದರೂ ಕೊಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ಆಮೇಲೆ ನೋಡೋಣ ಅಂತ ಬಿಟ್ಟು ಬಂದಿದ್ದರು.

ನಾನು ಸ್ಕೂಲಿನ ಬಾಗಿಲಲ್ಲಿ ನಿಂತು ಮನೆಮನೆಯಾಗಿ ಕೂಗಿ ಎಣಿಸಿದೆ. ನಮ್ಮ ಮನೆಯ ಸರದಿ ಬಂದಾಗ ಅಣ್ಣ, "ಎಲ್ಲಾ ಅವ್ರೆ" ಅಂದ. ಆಮೇಲೆ ಹಿಂದೆ ತಿರುಗಿ, "ನಿಮ್ಮತ್ಗೆ ಗಂಜಿ ಕಾಯ್ಸೋ ಕಡೆ ಅವ್ಳೆ" ಅಂದ. ಹೋಗಿ ನೋಡಿದರೆ ಅಲ್ಲಿರಲಿಲ್ಲ. ಗಂಜಿ ಕಾಯಿಸುವ ಹೆಂಗಸರು ಅವಳು ಮನೆಯಲ್ಲಿ ಹಸು ಬಿಚ್ಚುತ್ತಿರಬೇಕು ಅಂದುಕೊಂಡಿದ್ದರು. ನಮ್ಮ ಹಸು ಆಗಲೇ ಸ್ಕೂಲಿನ ಬೇವಿನ ಮರಕ್ಕೆ ಕಟ್ಟಿತ್ತು, ಕಟ್ಟಿದವನು ಅಣ್ಣನೇ. ನಾನು ಅತ್ತಿಗೆಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಅಣ್ಣ ಮನೆಗೆ ಓಡಿದ. ಬರುವಾಗ ಅವಳ ಫೋನ್ ಅವನ ಕೈಯಲ್ಲಿತ್ತು. ನೆನೆಯದಿರಲಿ ಅಂತ ಅಡುಗೆಮನೆಯಲ್ಲಿ ರಾಗಿ ಡಬ್ಬಿಯ ಮೇಲೆ ಇಟ್ಟು ಹೋಗಿದ್ದಳು. ಕೊನೆಯ ಕರೆ ಪಾಲಿಹೌಸಿನ ಓನರಿನದು. ಅವರಿಗೆ ಮಾಡಿದರೆ, ಬೆಂಗಳೂರಲ್ಲಿದ್ದೇನೆ, ಗಾಳಿಗೆ ಪ್ಲಾಸ್ಟಿಕ್ ಹಾರಿ ಹೋಗುತ್ತೆ, ಪಕ್ಕದ ಪರದೆ ಇಳಿಸಿ ಬನ್ನಿ ಅಂತ ಹೇಳಿದ್ದೆ, ಆಮೇಲೆ ಗೊತ್ತಿಲ್ಲ ಅಂದರು.

ಹೋಗಿದ್ದು ಎಲ್ಲಿಗೆ ಅಂತ ಗೊತ್ತಾಯಿತು. ಯಾವ ದಾರಿಯಲ್ಲಿ ಅಂತ ಗೊತ್ತಾಗಬೇಕಿತ್ತು. ಹಳ್ಳದ ದಾರಿ ಹಿಡಿದಿದ್ದರೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಾಳೆ. ಏರಿ ಉಳಿಯಬೇಕಾದರೆ ಕೋಡಿಯನ್ನು ಅಗೆದು ಅಗಲ ಮಾಡಿ ನೀರನ್ನು ಅದೇ ಹಳ್ಳಕ್ಕೆ ಬಿಡಬೇಕು. ಅದಕ್ಕೆ ಜೆಸಿಬಿ ಆಗಲೇ ಬಂದು ನಿಂತಿತ್ತು.

ಅಜ್ಜಿಯನ್ನು ಅವಳ ಮಗ ಹೊತ್ತು ತಂದು ಒಂದನೇ ಕ್ಲಾಸಿನ ಕೋಣೆಯಲ್ಲಿ ಕೂರಿಸಿದ್ದ. ಕಪ್ಪು ಹಲಗೆಯ ಕೆಳಗೆ, ಗೋಣಿಚೀಲ ಹೊದ್ದುಕೊಂಡು ಕೂತಿದ್ದಳು. ಅಣ್ಣನೂ ನಾನೂ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತೆವು.

"ಅಜ್ಜಿ, ಅತ್ಗೆ ಈಚೆಗೆ ಬಂದ್ಲಾ?"

"ಬಂದ್ಲು ಕಣಪ್ಪ. ಕೊಡೆ ಬಿಚ್ಚಿದ್ಲು. ಸೆರಗು ಸೊಂಟಕ್ಕೆ ಸಿಗ್ಸಿದ್ಲು."

"ಯಾವ ಕಡೆ ತಿರುಗಿದ್ಲು? ಹಳ್ಳಕ್ಕಾ, ರೋಡ್ಗಾ?"

"ಅದ್ ನೋಡ್ಲಿಲ್ಲ."

"ಜಗಲಿ ಮೇಲೆ ಕೂತಿದ್ಯಲ್ಲ" ಅಂದ ಅಣ್ಣ. ಅವನ ದನಿ ಏರಿತು.

"ಕೂತಿದ್ದೆ. ಅವ್ಳು ಬರೋದ್ ಕಂಡು ಒಳಕ್ಕೆ ಹೋದೆ."

"ಯಾಕಜ್ಜಿ ಒಳಕ್ಕೆ ಹೋದೆ?" ಅಂದೆ ನಾನು.

ಅವಳು ನನ್ನ ಮುಖ ನೋಡಿದಳು. ಕೋಪದಿಂದಲ್ಲ. ಇಷ್ಟು ವರ್ಷ ಈ ಊರಲ್ಲಿ ಬೆಳೆದವನು ಇದನ್ನು ಕೇಳುತ್ತಿದ್ದಾನಲ್ಲ ಅನ್ನುವ ಹಾಗೆ ನೋಡಿದಳು.

"ಹೊರಟೋರ ಎದುರಿಗೆ ನಾನು ಯಾವತ್ತು ಕೂತಿದ್ದೀನಪ್ಪ? ಮುಂಡೆ ಮುಖ. ಅಂಥಾ ಮಳೇಲಿ ಹೆಂಗ್ಸು ಒಬ್ಳೇ ಹೊರಟವ್ಳೆ. ಅದ್ರಲ್ಲಿ ನಾನ್ ಬೇರೆ ಎದುರಾಗ್ಲಾ? ಎಲ್ಲಿಗೆ ಅಂತ ಕೂಗಿ ಕೇಳ್ಲಾ? ಒಳ್ಳೇದಾಗ್ಲಿ ಅಂತ್ಲೇ ಒಳಕ್ಕೆ ಹೋಗಿ ಬಾಗ್ಲು ಹಾಕ್ಕೊಂಡೆ."

ನಾನು ಎಷ್ಟೋ ವರ್ಷಗಳಿಂದ ಬೆಳಗಿನ ಪಾಳಿಗೆ ಆ ಕವಲು ದಾಟಿ ಬಸ್ಸು ಹಿಡಿದಿದ್ದೇನೆ. ನಾನು ಹೊರಡುವಾಗ ಜಗಲಿ ಖಾಲಿ ಇರುತ್ತಿತ್ತು, ಹಿಂದಕ್ಕೆ ಬರುವಾಗ ಅಜ್ಜಿ ಕೂತಿರುತ್ತಿದ್ದಳು. ಬೆಳಗ್ಗೆ ಅವಳಿಗೆ ಒಳಗೆ ಕೆಲಸವಿರುತ್ತದೆ ಅಂದುಕೊಂಡಿದ್ದೆ. ಅವಳು ಪ್ರತಿ ದಿನ ನನಗೋಸ್ಕರ ಎದ್ದು ಹೋಗುತ್ತಿದ್ದಳು. ಕೆಲಸಕ್ಕೆ ಹೋಗುವ ಪ್ರತಿಯೊಬ್ಬರಿಗೂ ಹಾಗೆಯೇ. ಗಂಡ ಸತ್ತವಳು ಹೊರಟವರ ಎದುರಿಗೆ ಬರಬಾರದು ಅನ್ನುವ ಲೆಕ್ಕ ಊರಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿದ್ದೂ ಅವಳನ್ನೇ ಆ ಕೆಲಸಕ್ಕೆ ಕೂರಿಸಿದ್ದೆವು. ಕಡಲ ತೀರದ ಆ ಮುದುಕಿಗೆ ಗಂಡನಿದ್ದನೋ ಇಲ್ಲವೋ, ಅಲ್ಲಿ ಆ ಲೆಕ್ಕ ಇದೆಯೋ ಇಲ್ಲವೋ, ನಾನು ಕೇಳಿಕೊಂಡು ಬಂದಿರಲಿಲ್ಲ.

ನಾನು ಬೈಕ್ ತೆಗೆದುಕೊಂಡು ತರೆಪಾಲದ ತನಕ ಹೋದೆ. ಕಾಂಕ್ರೀಟ್ ಕಾಣುತ್ತಿರಲಿಲ್ಲ. ಎರಡು ಕಡೆಯ ಕಲ್ಲುಗಂಬಗಳ ತಲೆ ಮಾತ್ರ ಕಾಣುತ್ತಿತ್ತು. ಆಚೆ ದಡ ಮಳೆಯಲ್ಲಿ ಬೂದಿಯ ಬಣ್ಣಕ್ಕಿತ್ತು. ಅತ್ಗೆ ಅಂತ ಕೂಗಿದೆ. ನೀರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ರೋಡಿನ ಕಡೆ ಹೋಗೋಣ ಅಂದರೆ ಹುಣಿಸೆಮರ ಅಡ್ಡ ಬಿದ್ದಿದೆ, ಬೈಕ್ ದಾಟುವುದಿಲ್ಲ ಅಂತ ಎದುರಿಗೆ ಬಂದವರು ಹೇಳಿದರು. ಅವರು ಯಾವ ಹೆಂಗಸನ್ನೂ ನೋಡಿರಲಿಲ್ಲ. ಹಿಂದಕ್ಕೆ ಬಂದು ಕೋಡಿಯ ಹತ್ತಿರ ನಿಂತೆ.

ಅಲ್ಲಿ ಜೆಸಿಬಿ ಬಕೆಟ್ ಎತ್ತಿಕೊಂಡು ನಿಂತಿತ್ತು. ಡ್ರೈವರು ಬಾಗಲೂರು ಕಡೆಯವನು. ತೆಲುಗಿನಲ್ಲಿ ಗೊಣಗಿ ಕನ್ನಡದಲ್ಲಿ ಜೋರಾಗಿ ಹೇಳುತ್ತಿದ್ದ. "ಏನಣ್ಣಾ, ಮದ್ವೆ ಮನೇಲಿ ಫೋಟೋಗೆ ನಿಂತಂಗೆ ನಿಂತ್ಕೊಂಡಿದ್ದೀವಿ. ಅಗೀಲಾ, ಬ್ಯಾಡ್ವಾ? ಅಲ್ಲಿ ಏರಿ ಕೆಂಪಗೆ ಕಾರ್ಕೊಳ್ತಾ ಐತೆ."

ಅಣ್ಣ ನೆನೆದು ನಡುಗುತ್ತಿದ್ದ. ಅವನು ಮೆಂಬರ ಕಡೆ ನೋಡದೆ ನೀರಿನ ಕಡೆ ನೋಡಿಕೊಂಡು ಅಂದ, "ಅಗೆಸ್ಬುಡಿ."

ಡ್ರೈವರು ಮೆಂಬರ ಮುಖ ನೋಡಿದ.

"ಒಬ್ಳಿಗೋಸ್ಕರ ಬೀದಿಗೆ ಬೀದೀನೇ ಹೋಗೋದು ಬ್ಯಾಡ. ಅಗೆಸ್ಬುಡಿ" ಅಂದ ಮತ್ತೆ. ಊರಿನ ಮುಂದೆ ತನ್ನ ಮನೆಯಿಂದ ಇದು ಬಂತಲ್ಲ ಅನ್ನುವ ನಾಚಿಕೆಯಿಂದ ಹಾಗೆ ಹೇಳಿದನೋ, ನಿಜವಾಗಿ ಹೇಳಿದನೋ, ನಾನು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮೆಂಬರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿದ್ದೇ ಮತ್ತೆ ನೆನೆಯಿತು. "ನಿನ್ ಮಾತ್ ಯಾರ್ಲಾ ಕೇಳಿದ್ರು? ಬಾಯ್ ಮುಚ್ಕೊಂಡಿರು" ಅಂದರು. ಆಮೇಲೆ ಡ್ರೈವರಿಗೆ ಕೈ ಮಾಡಿ, "ಇಂಜಿನ್ ಆಫ್ ಮಾಡಪ್ಪ. ಡೀಸೆಲ್ ಯಾಕ್ ಸುಡ್ತೀಯ" ಅಂದರು.

"ನಿಮ್ ಮನೇನೂ ಅಲ್ಲೇ ಅಲ್ವಾ ಮೆಂಬರೇ?" ಅಂದ ಡ್ರೈವರು.

"ಅಲ್ಲೇ ಐತೆ. ಎಲ್ಲಿಗೋಯ್ತದೆ?" ಅಂದರು.

ಎಷ್ಟು ಹೊತ್ತು ನಿಂತಿದ್ದೆವು ಅಂತ ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ನನಗೆ ನೆನಪಿರುವುದು ಇಷ್ಟು. ಜೆಸಿಬಿಯ ಹಲ್ಲುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೆಂಬರು ಒಂದು ಸಲವೂ ಕೆಳಗಿನ ಬೀದಿಯ ಕಡೆ ತಿರುಗಲಿಲ್ಲ. ಅಣ್ಣ ಅತ್ತಿಗೆಯ ಫೋನನ್ನು ಅಂಗಿಯ ಒಳಗೆ ಎದೆಗೆ ಒತ್ತಿ ಹಿಡಿದಿದ್ದ. ಏರಿಯ ಬುಡದಲ್ಲಿ ಕಾಯುತ್ತಿದ್ದವನು ಎರಡು ಸಲ ಓಡಿಬಂದು, ಒಸರುವ ಜಾಗ ದೊಡ್ಡದಾಗುತ್ತಿದೆ ಅಂದ. ಮೂರನೆಯ ಸಲ ಅವನು ಬಂದಾಗ ಅವನ ಹಿಂದೆ ಅತ್ತಿಗೆ ಬರುತ್ತಿದ್ದಳು.

ಕೊಡೆ ತಿರುಚಿಹೋಗಿ ಬರೀ ಕಡ್ಡಿ ಉಳಿದಿತ್ತು. ತಲೆಯ ಮೇಲೆ ಗುಲಾಬಿ ಗೊಬ್ಬರದ ಖಾಲಿ ಚೀಲ ಹಾಕಿಕೊಂಡಿದ್ದಳು. ಗುಂಪು ಕಟ್ಟಿ ನಿಂತ ನಮ್ಮನ್ನು ನೋಡಿ ಅವಳ ನಡಿಗೆ ನಿಧಾನವಾಯಿತು.

"ಯಾಕೆ ಎಲ್ರೂ ಇಲ್ಲಿ? ಯಾರ್ ಹೋಗ್ಬುಟ್ರು?" ಅಂದಳು.

ಅವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು, ಯಾರಿಲ್ಲ ಅಂತ ಹುಡುಕುವ ಹಾಗೆ. ಅಣ್ಣ ಅಂಗಿಯೊಳಗಿಂದ ಫೋನ್ ತೆಗೆದು ಅವಳ ಕೈಗೆ ಕೊಟ್ಟ. ಕೊಟ್ಟು ದೂರ ಹೋಗಿ ಒಂದು ಕಲ್ಲಿನ ಮೇಲೆ ಕೂತ. ಮೆಂಬರು ಡ್ರೈವರಿಗೆ, "ಹೂಂ, ಅಗಿಯಪ್ಪ" ಅಂದರು.

ಜೆಸಿಬಿ ಅಗೆಯಿತು. ಕೋಡಿ ಅಗಲವಾಗಿ ನೀರು ಹಳ್ಳಕ್ಕೆ ನುಗ್ಗಿತು. ಕೆರೆಯ ನೀರು ಇಳಿಯಲು ಶುರುವಾದದ್ದು ಕಣ್ಣಿಗೆ ಕಾಣುವ ಮೊದಲೇ ಒಸರುತ್ತಿದ್ದ ಜಾಗದಲ್ಲಿ ಏರಿ ಕುಸಿಯಿತು. ಪೂರ್ತಿ ಒಡೆಯಲಿಲ್ಲ. ಒಂದು ಎತ್ತಿನ ಗಾಡಿ ಹೋಗುವಷ್ಟು ಅಗಲ ಬಾಯಿ ಬಿಟ್ಟಿತು. ಕೆಳಗಿನ ಬೀದಿಯಲ್ಲಿ ಸೊಂಟದವರೆಗೆ ನೀರು ಹರಿಯಿತು. ಜನರೆಲ್ಲ ಸ್ಕೂಲಿನಲ್ಲಿದ್ದರು, ಯಾರಿಗೂ ಏನೂ ಆಗಲಿಲ್ಲ. ಮಣ್ಣಿನ ಗೋಡೆಯ ಮನೆಗಳು ಬಿದ್ದವು. ಮೆಂಬರ ಮನೆಯ ಅಡುಗೆಮನೆ ಗೋಡೆ ಕೊಟ್ಟಿಗೆಯ ಮೇಲೆ ಬಿತ್ತು. ಹೊರಗೆ ಬರಲು ಒಪ್ಪದ ಹಸು ಅದರ ಕೆಳಗೆ ಉಳಿಯಿತು.

ಮೊದಲೇ ಅಗೆದಿದ್ದರೆ ಏರಿ ಉಳಿಯುತ್ತಿತ್ತೇ ಅಂತ ನೋಡಲು ಬಂದ ಇಂಜಿನಿಯರನ್ನು ನಾನು ಕೇಳಿದೆ. ಹೇಳಲಾಗುವುದಿಲ್ಲ, ಮಣ್ಣು ಒಳಗೆ ಎಷ್ಟು ಟೊಳ್ಳಾಗಿತ್ತೋ ಅಂದರು. ಉಳಿಯುತ್ತಿತ್ತು ಅಂದ ಡ್ರೈವರು. ಅತ್ತಿಗೆಯನ್ನೂ ಕೇಳಿದೆ, ಒಂದು ವಾರ ಬಿಟ್ಟು, ಹಸುವಿಗೆ ಹುಲ್ಲು ಹಾಕುತ್ತಿದ್ದಾಗ. ಹೋಗುವಾಗ ಹಳ್ಳದಲ್ಲೇ ಹೋದೆ, ನೀರು ಮಂಡಿಗಿತ್ತು, ದಾಟ್ಬುಟ್ಟೆ ಅಂದಳು. ಪರದೆ ಇಳಿಸಿ ಹೊರಗೆ ಬರುವಷ್ಟರಲ್ಲಿ ಹಳ್ಳ ಏರಿತ್ತು, ದಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ ರೋಡಿಗೆ ಸುತ್ತಿಕೊಂಡು ಬಂದಳು. ಲೆಕ್ಕ ಹಾಕಿದರೆ ನಾವು ಕೋಡಿಯಲ್ಲಿ ನಿಂತಿದ್ದ ಹೊತ್ತಿನಲ್ಲಿ ಅವಳು ಬಹುಶಃ ಆಗಲೇ ರೋಡಿನಲ್ಲಿದ್ದಳು. ಬಹುಶಃ ಅನ್ನುವುದನ್ನು ತೆಗೆದು ಹಾಕಲು ನನ್ನಿಂದ ಆಗಿಲ್ಲ. ದಡದಲ್ಲಿ ನಿಂತು ದಾಟಲೋ ಬೇಡವೋ ಅಂತ ಅವಳು ನೋಡಿದ ಆ ಸ್ವಲ್ಪ ಹೊತ್ತು ನಾವು ಕೋಡಿಯಲ್ಲಿ ನಿಂತಿದ್ದಾಗಲೋ ಅದಕ್ಕೂ ಮೊದಲೋ ಅಂತ ಅವಳಿಗೂ ಗೊತ್ತಿಲ್ಲ.

ಅವಳು ಮೆಂಬರ ಮನೆಗೆ ದಿನಾ ಹೋಗಿ ಕೆಸರು ಎತ್ತಿದಳು. ಮೆಂಬರ ಹೆಂಡತಿ ಅವಳಿಗೆ ಕಾಫಿ ಕೊಡುತ್ತಿದ್ದರು. "ನಿನ್ನಿಂದ ಏನಾಯ್ತು ಬುಡವ್ವ" ಅನ್ನುತ್ತಿದ್ದರು. ಹಾಗನ್ನುವಾಗ ಬಿದ್ದ ಕೊಟ್ಟಿಗೆಯ ಕಡೆ ತಿರುಗಿಕೊಂಡೇ ಅನ್ನುತ್ತಿದ್ದರು. ಮೆಂಬರು ಆ ಮಧ್ಯಾಹ್ನದ ಮಾತನ್ನು ಒಂದು ಸಲವೂ ಎತ್ತಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೋಗುತ್ತಾರೆ.

ಗುಂಪಿನ ಸಭೆ ಮತ್ತೆ ಸೇರಿತು. ಅಜ್ಜಿಯನ್ನು ಬಿಟ್ಟು ಬೇರೆ ಯಾರನ್ನಾದರೂ ಕವಲಿಗೆ ಹಾಕೋಣ ಅಂದರು. ಮುತ್ತೈದೆಯರಲ್ಲಿ ಹಗಲೆಲ್ಲ ಜಗಲಿ ಮೇಲೆ ಕೂತಿರುವವರು ಯಾರಿದ್ದಾರೆ ಅಂತ ಯೋಚಿಸಿದರು, ಯಾರೂ ಸಿಗಲಿಲ್ಲ. ಎಲ್ಲರಿಗೂ ಕೆಲಸವಿದೆ. ಹೊರಡುವವರು ತಾವೇ ಯಾರಿಗಾದರೂ ಹೇಳಿ ಹೋಗಲಿ ಅಂದೆ ನಾನು. ಹೂಂ ಅಂದರು. ಮಾರನೆಯ ದಿನ ಬಸ್ಸಿಗೆ ಹೋಗುವಾಗ ಗಮನಿಸಿದೆ, ಯಾರೂ ಯಾರಿಗೂ ಹೇಳಲಿಲ್ಲ. ನಾನೂ ಹೇಳಿರಲಿಲ್ಲ. ನನಗೆ ಅವತ್ತು ಬಹಳ ದಣಿವಾಗಿತ್ತು. ಈ ಗುಂಪು, ಮೈಕು, ಎಣಿಕೆ ಎಲ್ಲವನ್ನೂ ಇನ್ನೊಬ್ಬರಿಗೆ ಕೊಟ್ಟುಬಿಡೋಣ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಏರಿಯ ಬಾಯಿಗೆ ಮರಳು ಚೀಲ ಜೋಡಿಸಿ ಮುಗಿದ ಮೇಲೆ ಅತ್ತಿಗೆ ಮತ್ತೆ ಪಾಲಿಹೌಸಿನ ಕೆಲಸಕ್ಕೆ ಹೊರಟಳು. ಅವತ್ತು ನನಗೆ ರಜೆ. ಡೇರಿಗೆ ಹಾಲು ಹಾಕಿ ಬರುತ್ತ ಕವಲಿನಲ್ಲಿ ಅವಳ ಹಿಂದೆಯೇ ಇದ್ದೆ. ಅಜ್ಜಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು. ಅತ್ತಿಗೆಯನ್ನು ಕಂಡು ಮೊರ ಪಕ್ಕಕ್ಕಿಟ್ಟು, ಮಂಡಿಗೆ ಕೈಕೊಟ್ಟು ಎದ್ದಳು.

"ಕೂತ್ಕೋ ಅಜ್ಜಿ" ಅಂದಳು ಅತ್ತಿಗೆ.

ಅಜ್ಜಿ ನಿಲ್ಲಲಿಲ್ಲ. ಹೊಸಲು ದಾಟಿ ಒಳಗೆ ಹೋಗಿ ಬಾಗಿಲು ಮುಂದಕ್ಕೆ ತಳ್ಳಿದಳು.

ಅತ್ತಿಗೆ ಜಗಲಿಯ ಹತ್ತಿರ ಹೋಗಿ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಹೇಳಿದಳು, "ಪಾಲಿಹೌಸ್ಗೆ ಹೋಯ್ತಾ ಇವ್ನಿ ಅಜ್ಜಿ. ಹಳ್ಳದ ಕಡೆಯಿಂದ. ಬರೋದೂ ಅಂಗೇ ಬತ್ತೀನಿ."

ಅತ್ತಿಗೆ ಕಾದಳು. ನಾನೂ ಕ್ಯಾನು ಹಿಡಿದುಕೊಂಡು ನಿಂತೆ.

"ಕೇಳಸ್ತು" ಅಂದಳು ಅಜ್ಜಿ, ಬಾಗಿಲ ಹಿಂದಿನಿಂದ. "ನಿಂತ್ಕೋಬ್ಯಾಡ, ಹೋಗು."